ಸುಂಕಪ್ಪ ಮಾಸ್ಟರ ಬೆಂಕಿಯಿಲ್ಲದ ಒಲೆ

ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್‌ಗಳಲ್ಲಿ ಸುಂಕಪ್ಪ ಯಾರೆಂದು ಕೇಳಿದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ‘ಹೆಂಗಪ್ಪ ಮಾಸ್ಟರ್’ ಎಂದರೆ ಸಾಕು, ಕೈ ಹಿಡಿದು ಅವರ ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಹೊಸದೇನು ಕಣ್ಣಿಗೆ ಬಿದ್ದರೂ ‘ಅದು ಹೆಂಗ?’ ಎಂದು ಕೇಳುವುದು ಅವರ ಅಭ್ಯಾಸ. ಆ ‘ಹೆಂಗ’ವೇ ಹೆಸರಿಗೆ ಅಂಟಿಕೊಂಡಿತು.

ಅವರದು ಕಟಿಂಗ್ ಮಾಸ್ಟರ್ ಕೆಲಸ. ಉದ್ದನೆಯ ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಕರೆಂಟಿನ ಮಿಷಿನ್ ಹಿಡಿದು ಗೆರೆಯ ಮೇಲೆಯೇ ಓಡಿಸಬೇಕು. ಕೈ ಒಂದಿಷ್ಟು ಅಲ್ಲಾಡಿದರೆ ಅಷ್ಟೂ ಪ್ಯಾಂಟುಗಳ ಕಾಲು ಸೊಟ್ಟ. ಸುಂಕಪ್ಪನವರ ಕೈ ಅಲ್ಲಾಡಿದ್ದನ್ನು ಯಾರೂ ನೋಡಿರಲಿಲ್ಲ. ಆದರೆ ಆ ಕೈ ಸುಮ್ಮನಿರುವ ಕೈಯೂ ಅಲ್ಲ. ಒಮ್ಮೆ ಯೂನಿಟ್‌ಗೆ ಗುಂಡಿಯ ಕಾಜಾ ಹೊಲಿಯುವ ಹೊಸ ಮಿಷಿನ್ ಬಂದಾಗ, ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಅದನ್ನು ಬಿಚ್ಚಿ ಹರವಿಬಿಟ್ಟಿದ್ದರು. ಓನರ್ ಬಂದು ತಲೆ ಮೇಲೆ ಕೈ ಹೊತ್ತು ಕುಳಿತರು. ಸುಂಕಪ್ಪ ಎಲ್ಲವನ್ನೂ ತಿರುಗಿ ಜೋಡಿಸಿದರು. ಒಂದು ಸ್ಕ್ರೂ ಮಾತ್ರ ಮಿಕ್ಕಿತು. ಮಿಷಿನ್ ಓಡಿತು. ಮಿಕ್ಕ ಸ್ಕ್ರೂ ಎಲ್ಲಿಯದು ಎಂಬ ಚಿಂತೆ ಮಾತ್ರ ಅವರನ್ನು ಬಹಳ ಕಾಲ ಬಿಡಲಿಲ್ಲ.

ಐವತ್ತು ದಾಟಿದ ಮೇಲೆ ಚಾಕ್‌ಪೀಸಿನ ಗೆರೆಯ ಎರಡೂ ತುದಿಗಳು ಅವರಿಗೆ ಒಟ್ಟಿಗೆ ಕಾಣದಾದವು. ಬಳ್ಳಾರಿಯ ಕಣ್ಣಿನ ಡಾಕ್ಟರು, ಕಣ್ಣೊಳಗೆ ಒತ್ತಡ ಏರಿ ನರ ಒಣಗುತ್ತಿದೆ, ಹೋದಷ್ಟು ದೃಷ್ಟಿ ಮತ್ತೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದರು. ಹನಿ ಹಾಕಿಕೊಂಡರೂ ತಡವಾಗಿಹೋಗಿತ್ತು. ಕೆಲವೇ ವರ್ಷಗಳಲ್ಲಿ ಹಗಲು ಯಾವುದು, ರಾತ್ರಿ ಯಾವುದು ಎಂಬಷ್ಟು ಮಾತ್ರ ಉಳಿಯಿತು. ಸುಂಕಪ್ಪ ಮನೆಯಲ್ಲಿ ಕುಳಿತರು. ಹೆಂಡತಿ ಉಚ್ಚಂಗಮ್ಮ ಅದೇ ಯೂನಿಟ್‌ನಲ್ಲಿ ಹೊಲಿದ ಪ್ಯಾಂಟುಗಳ ಜೋಲುವ ದಾರ ಕತ್ತರಿಸುವ ಕೆಲಸಕ್ಕೆ ಹೋಗತೊಡಗಿದರು.

ಮನೆಯಲ್ಲಿ ಕುಳಿತ ಸುಂಕಪ್ಪನವರು ತಮಗಾಗಿ ಒಂದೇ ಕೆಲಸ ಇಟ್ಟುಕೊಂಡಿದ್ದರು. ಸಂಜೆ ಉಚ್ಚಂಗಮ್ಮ ಹೊಸ್ತಿಲು ತುಳಿಯುವ ಹೊತ್ತಿಗೆ ಚಹಾ ಕುದಿಯುತ್ತಿರಬೇಕು. ಲೈಟರ್ ಒತ್ತಿ, ಗ್ಯಾಸಿನ ಸದ್ದು ಕೇಳಿ, ಕೈ ದೂರದಿಂದಲೇ ಬಿಸಿ ತಾಗಿಸಿಕೊಂಡು ಉರಿ ಹತ್ತಿದ್ದನ್ನು ತಿಳಿಯುತ್ತಿದ್ದರು. ಚೆನ್ನಾಗಿಯೇ ನಡೆದಿತ್ತು. ಒಂದು ಸಂಜೆ ಹೆಗಲ ಮೇಲಿನ ಟವೆಲ್ಲಿನ ತುದಿ ಉರಿಗೆ ಜೋತುಬಿದ್ದದ್ದು ತಿಳಿಯಲಿಲ್ಲ. ಉಚ್ಚಂಗಮ್ಮ ಒಳಗೆ ಬರುವಾಗ ಗಂಡ ಉರಿಯುವ ಟವೆಲ್ಲನ್ನು ಕೊಡಪಾನದ ನೀರಿಗೆ ಅದ್ದುತ್ತಿದ್ದರು. ಮುಂಗೈಯ ಕೂದಲು ಸುಟ್ಟು ಮನೆಯೆಲ್ಲ ಕಮಟು.

ಆ ಹೊತ್ತು ಉಚ್ಚಂಗಮ್ಮ ಗಂಡನ ಮುಂಗೈ ತೊಳೆದು ಒರೆಸಿದರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸಿಲಿಂಡರಿನಿಂದ ರೆಗ್ಯುಲೇಟರ್ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು ಹೋದರು. ದಿನವೂ ಹಾಗೆಯೇ ಮಾಡತೊಡಗಿದರು.

“ನನ್ನ ಕೈ ಕಟ್ಟಿ ಹೋದಂಗ ಆತಲ್ಲ ಉಚ್ಚಂಗಿ,” ಎಂದರು ಸುಂಕಪ್ಪ.

“ಕೈ ಇದ್ರ ತಾನ ಕಟ್ಟೋದು? ಸುಟ್ಟುಕೊಂಡ್ರ ಏನ್ ಮಾಡ್ಲಿ ನಾನು? ಅಲ್ಲಿ ದಾರ ಕತ್ತರಿಸ್ತಾ ಕುಂತ್ರೂ ನನ್ನ ಜೀವ ಇಲ್ಲೇ ಇರ್ತೈತಿ,” ಎಂದರು ಆಕೆ.

ಸಂಜೆಯ ಚಹಾವನ್ನು ಈಗ ದಣಿದು ಬಂದ ಉಚ್ಚಂಗಮ್ಮನೇ ಮಾಡಬೇಕಾಯಿತು. ಸುಂಕಪ್ಪ ಕುಡಿಯುತ್ತಿದ್ದರು, ರುಚಿ ಹತ್ತುತ್ತಿರಲಿಲ್ಲ.

ಹೀಗಿರುವಾಗ ಮಗಳು ತ್ರಿವೇಣಿ ಕರೆದಳೆಂದು ಇಬ್ಬರೂ ಮಡಕಶಿರಾಕ್ಕೆ ಹೋದರು. ಅಳಿಯನದು ಅಲ್ಲಿ ಸರ್ಕಾರಿ ನೌಕರಿ. ಮದುವೆಯಾದ ಮೇಲೆ ಮಗಳ ಮಾತು ಆ ಸೀಮೆಯ ಕಡೆಗೆ ವಾಲಿದ್ದನ್ನು ಕೇಳಿ ಸುಂಕಪ್ಪ ಪ್ರತಿ ಸಲವೂ ನಗುತ್ತಿದ್ದರು. ಬೆಳಿಗ್ಗೆ ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತವರು ಕಿವಿ ನಿಮಿರಿಸಿದರು. ಲೈಟರಿನ ಟಕ್ ಎಂಬ ಸದ್ದಿಲ್ಲ. ಗ್ಯಾಸಿನ ಬುಸ್ ಎಂಬ ಸದ್ದಿಲ್ಲ. ಎಲ್ಲೋ ಸಣ್ಣದೊಂದು ಫ್ಯಾನ್ ತಿರುಗುವ ಸದ್ದು. ಆದರೂ ಹಾಲು ಉಕ್ಕುವ ವಾಸನೆ ಬಂತು.

“ಏನಮ್ಮಾ, ಯಾವುದರ ಮ್ಯಾಲೆ ಕಾಯಿಸ್ತಿ ಹಾಲು?”

“ಕರೆಂಟ್ ಒಲೆ ಕಣಪ್ಪ. ಇಂಡಕ್ಷನ್. ಬೆಂಕೀನೇ ಇಲ್ಲ ಇದ್ರಾಗೆ.”

ಸುಂಕಪ್ಪ ಕುರ್ಚಿಯಿಂದ ಎದ್ದುಬಿಟ್ಟಿದ್ದರು. “ಬೆಂಕಿ ಇಲ್ದಂಗ ಹಾಲು ಉಕ್ತೈತಾ? ಅದು ಹೆಂಗ?”

ತ್ರಿವೇಣಿ ಅಪ್ಪನ ಬೆರಳು ಹಿಡಿದು ಒಲೆಯ ಅಂಚಿಗೆ ಮುಟ್ಟಿಸಿದಳು. ತಣ್ಣನೆಯ ಗಾಜು, ಕನ್ನಡಿಯಷ್ಟು ನಯ. ಕಟ್ಟೆಗೇ ಕೂರಿಸಿದ್ದ ಒಲೆ ಅದು. ಎಲ್ಲಿ ಕಟ್ಟೆ ಮುಗಿಯಿತು, ಎಲ್ಲಿ ಗಾಜು ಶುರುವಾಯಿತು ಎಂಬುದೇ ಸರಿಯಾಗಿ ತಿಳಿಯಲಿಲ್ಲ. ಹಚ್ಚುವ ಗುಂಡಿ ಎಲ್ಲಿ ಎಂದು ಸವರಿದರು. ಉಬ್ಬಿಲ್ಲ, ತಗ್ಗಿಲ್ಲ. ಬೆರಳು ಎಲ್ಲೋ ತಾಗಿ ಟುಂಯ್ ಎಂದಿತು, ಇನ್ನೆಲ್ಲೋ ತಾಗಿ ಆರಿಹೋಯಿತು.

“ನಿನಗ ಹೆಂಗ ಗೊತ್ತಾಗ್ತೈತಿ ಎಲ್ಲಿ ಒತ್ತಬೇಕು ಅಂತ?”

“ಬೆಳಕು ಬರ್ತದೆ ಕಣಪ್ಪ, ಅಲ್ಲಿ ಬೆರಳಿಟ್ರೆ ಸಾಕು,” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಸುಂಕಪ್ಪನವರಿಗೆ ಬೇಸರವಾಗಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಕಲ್ಯಾಣದುರ್ಗ ದಾಟುವವರೆಗೂ ಅದೇ ಯೋಚನೆ. ಉರಿಯಿಲ್ಲದ ಒಲೆಗೆ ಟವೆಲ್ ಬಿದ್ದರೂ ಏನೂ ಆಗುವುದಿಲ್ಲ. ಆದರೆ ಆ ಗಾಜಿನ ಮೇಲೆ ತನ್ನ ಬೆರಳಿಗೆ ದಾರಿಯಿಲ್ಲ. ದಾರಿಯಿರುವ ಒಲೆ ಯಾರಾದರೂ ಮಾಡಿರಬಹುದಲ್ಲ?

ಮುಂದಿನ ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರದ ಪಾತ್ರೆ ಮತ್ತು ಮಿಕ್ಸಿ ಅಂಗಡಿಗೆ ಇಬ್ಬರೂ ಹೋದರು. ಉಚ್ಚಂಗಮ್ಮ ಹೋದದ್ದು ಬೇಡ ಎನ್ನುವುದಕ್ಕೆ. ಅಂಗಡಿಯ ಶಿವಶಂಕರ್‌ಗೆ ಮಾಸ್ಟರ್ ಪರಿಚಯ. ಅವರು ಕತ್ತರಿಸಿದ ಪ್ಯಾಂಟನ್ನೇ ಆತ ತೊಟ್ಟಿದ್ದ.

“ಬರ್ರಿ ಮಾಸ್ಟರೇ, ಕುಂದರ್ರಿ. ಏನ್ ಬೇಕಾಗಿತ್ತು?”

“ಮೊದಲು ಒಂದು ಹಚ್ಚಿ ತೋರ್ಸು. ಆಮ್ಯಾಲೆ ಹೇಳ್ತೀನಿ.”

ಶಿವಶಂಕರ್ ಒಂದು ಒಲೆಗೆ ಪ್ಲಗ್ ಹಾಕಿ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟ. ಆತನಿಗೂ ಹುರುಪು ಬಂತು. ಪಾತ್ರೆ ಎತ್ತಿ, ಕೆಳಗೆ ತೆಲುಗು ಪೇಪರಿನ ಒಂದು ಹಾಳೆ ಹಾಸಿ, ಮತ್ತೆ ಪಾತ್ರೆ ಇಟ್ಟ. ನೀರು ಬೆಚ್ಚಗಾಗತೊಡಗಿತು. ಕುದಿಯುವ ಮೊದಲೇ ಹಾಳೆ ಎಳೆದು ಸುಂಕಪ್ಪನವರ ಕೈಗೆ ಕೊಟ್ಟ. ಹಾಳೆ ಬೆಚ್ಚಗಿತ್ತು, ಅಷ್ಟೆ. ಎಲ್ಲೂ ಸುಟ್ಟಿರಲಿಲ್ಲ. ಸುಂಕಪ್ಪ ಮೂಸಿ ನೋಡಿದರು.

“ಇದರೊಳಗ ಏನೈತಿ?”

“ತಾಮ್ರದ ತಂತಿ ಸುರುಳಿ ಸುತ್ತಿಟ್ಟಾರ ಮಾಸ್ಟರೇ. ಕರೆಂಟ್ ಹರಿದ್ರ ಅದು ಮ್ಯಾಗ್ನೆಟ್ ಆಗ್ತೈತಿ. ಗಾಜನ್ನ ಕಾಯಿಸಂಗಿಲ್ಲ, ಮ್ಯಾಲೆ ಇಟ್ಟ ಪಾತ್ರೆ ತಳಾನ ಕಾಯಿಸ್ತೈತಿ. ಪಾತ್ರೆ ತೆಗೆದ್ರ ತಾನ ಸುಮ್ಮನಾಗ್ತೈತಿ.”

“ಹಂಗಾದ್ರ ಪಾತ್ರೇನ ಒಲಿ, ಒಲಿ ಬರೇ ಪೀಠ!” ಎಂದು ಸುಂಕಪ್ಪ, ಕುದಿಯುವ ಪಾತ್ರೆಯ ಪಕ್ಕದಲ್ಲೇ ಗಾಜಿನ ಮೇಲೆ ಬೆರಳಿಟ್ಟರು. ಉಚ್ಚಂಗಮ್ಮ ಆ ಕೈಗೆ ಫಟ್ಟನೆ ಒಂದು ಕೊಟ್ಟರು.

“ಸುಡಂಗಿಲ್ಲ, ನೀನೂ ಮುಟ್ಟಿ ನೋಡು,” ಎಂದರು ಸುಂಕಪ್ಪ. ಆಕೆ ಮುಟ್ಟಲಿಲ್ಲ. ಆದರೆ ಗಂಡನ ಬೆರಳನ್ನು ಎಳೆದು ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ.

ಆಮೇಲೆ ಒಲೆ ಆಯ್ದುಕೊಳ್ಳುವ ಕೆಲಸ. ಶಿವಶಂಕರ್ ಮೊದಲು ತಂದದ್ದು ಅಂಗಡಿಯಲ್ಲೇ ಮೇಲಾದದ್ದು. ಸುಂಕಪ್ಪ ಸವರಿದರು: ಮಡಕಶಿರಾದ ಒಲೆಯಂತೆಯೇ ಉಬ್ಬಿಲ್ಲದ ಗಾಜು. “ಒಂದು ಕೆಲಸ ಮಾಡು. ಕಣ್ಣು ಮುಚ್ಚಿಕೊಂಡು ಇದನ್ನ ನೀನ ಹಚ್ಚು,” ಎಂದರು. ಶಿವಶಂಕರ್ ಕಣ್ಣು ಮುಚ್ಚಿದ. ಬೆರಳು ಗಾಜಿನ ಮೇಲೆ ಅಲೆದಾಡಿತು, ಪಾತ್ರೆಗೆ ತಾಗಿತು, ಒಲೆ ಹತ್ತಲಿಲ್ಲ. ಕಣ್ಣು ಬಿಟ್ಟು, “ಇದು ನಿಮಗ ಬ್ಯಾಡ್ರಿ,” ಎಂದು ಒಳಗಿನ ಗೋದಾಮಿಗೆ ಹೋಗಿ ಧೂಳು ಹಿಡಿದ ಡಬ್ಬಿಯೊಂದನ್ನು ತಂದ. ಅದರ ಪಾತ್ರೆಯಿಡುವ ಜಾಗ ಗಾಜಿನದೇ. ಮುಂದಿನ ಪಟ್ಟಿಯಲ್ಲಿ ಮಾತ್ರ ಪ್ಲಾಸ್ಟಿಕ್ ಹಾಳೆಯ ಕೆಳಗೆ ಒತ್ತುವ ಗುಂಡಿಗಳು. ಒತ್ತಿದರೆ ಒಳಗೆ ಕಟಕ್ ಎನ್ನುವುದು ಬೆರಳಿಗೆ ತಿಳಿಯುತ್ತಿತ್ತು. “ಹಳೇ ಮಾಡಲ್ ಮಾಸ್ಟರೇ. ಚೆಂದ ಇಲ್ಲ ಅಂತ ಯಾರೂ ಕೇಳಂಗಿಲ್ಲ.”

“ನಾನೂ ಚೆಂದ ಕೇಳಾಕ ಬಂದಿಲ್ಲ,” ಎಂದು ಸುಂಕಪ್ಪ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದರು. ಅವರ ಮುಖ ನೋಡಿದ ಉಚ್ಚಂಗಮ್ಮ ಬೇಡ ಎನ್ನಲು ಬಂದದ್ದನ್ನು ಮರೆತರು.

ಒಲೆ ಮನೆಗೆ ಬಂತು. ಬಂದ ದಿನವೇ ಜಗಳವಾಡಿತು. ಸುಂಕಪ್ಪನವರ ಹಳೆಯ ಅಲ್ಯೂಮಿನಿಯಂ ಚಹಾ ಪಾತ್ರೆ ಇಟ್ಟರೆ ಟುಂಯ್ ಟುಂಯ್ ಎಂದು ಬೊಬ್ಬೆ ಹಾಕಿ ಆರಿಹೋಗುತ್ತಿತ್ತು. ಅವರಿಗೆ ಶಿವಶಂಕರ್ ಹೇಳಿದ ಮ್ಯಾಗ್ನೆಟ್ಟಿನ ಮಾತು ನೆನಪಾಯಿತು. ಟೈಲರ್‌ಗಳು ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಹೆಕ್ಕಲು ಮ್ಯಾಗ್ನೆಟ್ ಇಟ್ಟುಕೊಳ್ಳುತ್ತಾರೆ. ಅವರ ಪೆಟ್ಟಿಗೆಯಲ್ಲೂ ಒಂದಿತ್ತು. ಅದನ್ನು ಹಿಡಿದು ಅಡುಗೆಮನೆಯಲ್ಲಿ ಕುಳಿತರು. ಅಲ್ಯೂಮಿನಿಯಂ ಹಿಡಿಯಲಿಲ್ಲ. ಹಿತ್ತಾಳೆ ಹಿಡಿಯಲಿಲ್ಲ. ರೊಟ್ಟಿ ಹಂಚು ಕೈ ಕಿತ್ತುಕೊಳ್ಳುವಂತೆ ಹಿಡಿಯಿತು. ಸ್ಟೀಲಿನದೇ ಸೋಜಿಗ: ಕೆಲವು ಗಟ್ಟಿಯಾಗಿ ಹಿಡಿದವು, ಕೆಲವು ಮುಟ್ಟಿಯೂ ನೋಡಲಿಲ್ಲ. ಎಲ್ಲವೂ ಸ್ಟೀಲೇ ಆದರೆ ಹೀಗೇಕೆ ಎಂದು ಕೇಳಲು ಶಿವಶಂಕರ್‌ಗೆ ಫೋನ್ ಮಾಡಿದರು. “ಸ್ಟೀಲಿನೊಳಗೂ ಜಾತಿ ಅದಾವ್ರಿ, ಹೆಚ್ಚು ನನಗೂ ಗೊತ್ತಿಲ್ಲ,” ಎಂದು ಆತ ಸೋಲೊಪ್ಪಿಕೊಂಡ.

ಈ ಸುದ್ದಿ ಪಕ್ಕದ ಮನೆಯ ಸರ್ವಮಂಗಳಮ್ಮನಿಗೆ ತಲುಪಿತು. ಆಕೆ ತನ್ನ ಪಾತ್ರೆಗಳನ್ನೂ ಪರೀಕ್ಷೆಗೆ ಹೊತ್ತು ತಂದರು. ಮಧ್ಯದಲ್ಲಿ, ತೀರ್ಥಯಾತ್ರೆಯಿಂದ ತಂದು ದಿನವೂ ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಸುತ್ತಿದ್ದ ತಾಮ್ರದ ತಂಬಿಗೆ. ಮ್ಯಾಗ್ನೆಟ್ ಅದಕ್ಕೆ ಟಕ್ಕನೆ ಅಂಟಿಕೊಂಡಿತು.

“ಇದು ತಾಮ್ರ ಅಲ್ಲ ಸರ್ವಮಂಗಳಮ್ಮ. ಒಳಗ ಕಬ್ಬಿಣ, ಮ್ಯಾಲೆ ಬಣ್ಣ,” ಎಂದರು ಸುಂಕಪ್ಪ ಖುಷಿಯಿಂದ.

ಸರ್ವಮಂಗಳಮ್ಮ ತಂಬಿಗೆ ಕಿತ್ತುಕೊಂಡು ಎದ್ದರು. “ಕಣ್ಣಿಲ್ಲದೋರಿಗೆ ಯಾಕ ಬೇಕ್ರಿ ಇಲ್ಲದ ಉಸಾಬರಿ!” ಎಂದು ಬಾಗಿಲು ದಾಟಿದವರು ಅಲ್ಲೇ ನಿಂತರು. ಮಾತು ಹೆಚ್ಚಾಯಿತೆಂದು ತಿಳಿದಿರಬೇಕು. ಸಂಜೆ ಒಂದು ಬಟ್ಟಲು ಶೇಂಗಾ ಚಟ್ನಿಪುಡಿ ತಂದಿಟ್ಟು, “ಮತ್ತ್ಯಾರಿಗೂ ಹೇಳಬ್ಯಾಡ್ರಿ ತಂಬಿಗಿ ಸುದ್ದಿ,” ಎಂದು ಹೋದರು.

ಹಿಡಿಯುವ ಪಾತ್ರೆಯೊಂದರಲ್ಲಿ ಚಹಾ ಶುರುವಾಯಿತು. ಸುಂಕಪ್ಪ ಒಲೆಯ ಸದ್ದುಗಳನ್ನು ಕಲಿತರು. ಕಾವು ಹೆಚ್ಚಿದ್ದರೆ ಪಾತ್ರೆಯ ತಳ ದುಂಬಿಯಂತೆ ಗುಂಯ್‌ಗುಡುತ್ತದೆ. ಕಡಿಮೆ ಮಾಡಿದರೆ ಕಟಕ್ ಎಂದು ನಿಂತು, ಮತ್ತೆ ಗುಂಯ್ ಎಂದು, ಉಸಿರಾಡಿದಂತೆ ಕಾಯುತ್ತದೆ. ಪಾತ್ರೆ ನಡುಜಾಗದಿಂದ ಸರಿದರೆ ಆ ಸದ್ದೇ ಬೇರೆ.

ಆದರೆ ಅವರು ಒಂದನ್ನು ತಪ್ಪಾಗಿ ಕಲಿತಿದ್ದರು. ಒಂದು ಮಧ್ಯಾಹ್ನ ಹಾಲು ಕಾಯಿಸಿ, ಪಾತ್ರೆ ಇಳಿಸಿ, ಚೆಲ್ಲಿದ ಹನಿ ಒರೆಸಲೆಂದು ಗಾಜಿನ ನಡುವಿಗೇ ಅಂಗೈ ಊರಿದರು. ಊರಿದ ಕೈಯನ್ನು ಚೀರಿ ಹಿಂದಕ್ಕೆಳೆದುಕೊಂಡರು. ಸಂಜೆ ಉಚ್ಚಂಗಮ್ಮ ಬಂದಾಗ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಆಕೆ ಒಲೆಯನ್ನು ಡಬ್ಬಿಗೆ ತುಂಬಿ, ಸ್ಟೂಲ್ ಹತ್ತಿ ಅಟ್ಟದ ಮೇಲಿಟ್ಟರು.

ಸುಂಕಪ್ಪನವರಿಗೆ ಉರಿಗಿಂತ ಗೊಂದಲ ಹೆಚ್ಚಾಗಿತ್ತು. ಗಾಜು ಕಾಯುವುದಿಲ್ಲ ಎಂದಿದ್ದರಲ್ಲ! ಮಗಳಿಗೆ ಫೋನ್ ಹಚ್ಚಿಸಿಕೊಂಡು ಕೇಳಿದರು.

“ಗಾಜು ತಾನಾಗೇ ಕಾಯಲ್ಲ ಕಣಪ್ಪ. ಕಾದ ಪಾತ್ರೆ ಅದ್ರ ಮೇಲೇ ಕೂತಿರ್ತದಲ್ಲ, ಆ ಬಿಸಿ ಗಾಜಿಗೂ ಇಳೀತದೆ. ನೀನು ಇಳಿಸಿದ ತಕ್ಷಣ ಮುಟ್ಟಿದ್ಯಾ?”

“ಅಂಗಡ್ಯಾಗ ಮುಟ್ಟಿದ್ದೆ, ತಣ್ಣಗಿತ್ತು…” ಎಂದವರು ಅರ್ಧಕ್ಕೇ ನಿಲ್ಲಿಸಿದರು. ಅಂಗಡಿಯಲ್ಲಿ ಮುಟ್ಟಿದ್ದು ಪಾತ್ರೆಯ ಪಕ್ಕದಲ್ಲಿ. ಪಾತ್ರೆ ಕೂತಿದ್ದ ಜಾಗ ಮುಟ್ಟಿರಲಿಲ್ಲ. ಅರ್ಧ ಪರೀಕ್ಷೆ ಮಾಡಿ ಪೂರ್ತಿ ನಂಬಿದ್ದೆನಲ್ಲ ಎಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಒಲೆ ಅಟ್ಟದ ಮೇಲೆ ಕುಳಿತೇ ಇತ್ತು. ಸುಂಕಪ್ಪ ಬೇಡಲಿಲ್ಲ. ಬೊಕ್ಕೆ ಮಾದ ಮೇಲೆ ಒಂದು ಬೆಳಿಗ್ಗೆ, ಉಚ್ಚಂಗಮ್ಮ ಗ್ಯಾಸಿನ ಮೇಲೆ ರೊಟ್ಟಿ ಮುಗಿಸಿ ಹಂಚು ಕೆಳಗಿಟ್ಟಾಗ, “ಅದರ ಮ್ಯಾಲೆ ಒಂದು ಹನಿ ನೀರು ಚಿಮುಕಿಸು,” ಎಂದರು. ಚುಂಯ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದು ಹಾಕು,” ಎಂದರು. ಸದ್ದಿಲ್ಲ. ಸುಂಕಪ್ಪ ಕೈ ಚಾಚಿ, ಮೊದಲು ಹಂಚಿನ ಮೇಲೆ ಗಾಳಿಯಲ್ಲಿ ಹಿಡಿದು, ಆಮೇಲೆ ಬೆರಳ ಬೆನ್ನು ತಾಗಿಸಿದರು. “ಇನ್ನೂ ಬಿಸಿ ಐತಿ, ಆದ್ರ ಸುಡಂಗಿಲ್ಲ. ನೀರು ಸುಮ್ಮನಾದ್ರೂ ಅಂಗೈ ಊರಬಾರ್ದು. ಹಿಂಗ ಮೆಲ್ಲಕ ಬೆರಳ ಬೆನ್ನು ಇಡಬೇಕು,” ಎಂದು ತಮಗೆ ತಾವೇ ಹೇಳಿಕೊಂಡರು.

ಉಚ್ಚಂಗಮ್ಮ ರೊಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದರು. ದಿನವಿಡೀ ದಾರ ಕತ್ತರಿಸುವಾಗ, ಗಂಡ ಹಂಚಿನ ಮುಂದೆ ಕೈ ಚಾಚಿ ಕುಳಿತದ್ದೇ ಕಣ್ಣಮುಂದೆ. ಹಟಕ್ಕೆ ಮುಟ್ಟುವವರ ಕೈಯಂತಿರಲಿಲ್ಲ ಅದು, ಕಲಿಯುವವರ ಕೈ. ಸಂಜೆ ಬಂದವರೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಸ್ಟೂಲ್ ಎಳೆದು ಒಲೆ ಇಳಿಸಿದರು. ಆಮೇಲೆ ಕನ್ನಡಿಯ ಅಂಚಿಗೆ ಅಂಟಿಸಿಟ್ಟಿದ್ದ ತಮ್ಮ ಹಣೆಗಿಡುವ ಹರಳಿನ ಟಿಕಳಿಗಳನ್ನು ಕಿತ್ತು ತಂದರು. ಹಚ್ಚುವ ಆರಿಸುವ ಗುಂಡಿಯ ಮೇಲೆ ದೊಡ್ಡದೊಂದು. ಕಾವು ಇಳಿಸುವುದಕ್ಕೆ ಸಣ್ಣದು. ಏರಿಸುವುದಕ್ಕೆ ಸಣ್ಣವು ಎರಡು. ಗಂಡನ ಬೆರಳು ಹಿಡಿದು ಒಂದೊಂದರ ಮೇಲೂ ಇಟ್ಟರು.

“ಉಳಿದ ಗುಂಡಿ ನಿಮಗ ಬ್ಯಾಡ. ಮುಟ್ಟಬ್ಯಾಡ್ರಿ. ಮತ್ತ ಹನಿ ನೀರು ಹಾಕದಂಗ ಗಾಜು ಮುಟ್ಟೀರಿ ಅಂದ್ರ, ಈ ಸಲ ಅಟ್ಟ ಅಲ್ಲ, ತಿಪ್ಪಿಗೆ ಹಾಕ್ತೀನಿ.”

“ಆತು. ಚಹಾ ಇಡ್ಲಾ?” ಎಂದರು ಸುಂಕಪ್ಪ.

ಚಹಾದಿಂದ ಅನ್ನಕ್ಕೆ, ಅನ್ನದಿಂದ ಬೇಳೆಗೆ ಬಂದರು. ಜೀವಮಾನದಲ್ಲಿ ಒಗ್ಗರಣೆ ಹಾಕದವರು ಈಗ ಸಾಸಿವೆ ಸಿಡಿಯುವ ಸದ್ದು ಎಣ್ಣೆಯ ಕಾವಿಗೆ ತಕ್ಕಂತೆ ಬದಲಾಗುವುದನ್ನು ಹೆಂಡತಿಗೆ ವಿವರಿಸತೊಡಗಿದರು. ಆದರೆ ಮುದ್ದೆ ಮಾತ್ರ ಒಲೆಗೆ ಒಗ್ಗಲಿಲ್ಲ. ರಾಗಿಹಿಟ್ಟು ಬೆಂದ ಮೇಲೆ ಕೋಲಿನಲ್ಲಿ ಒತ್ತಿ ತೊಳಸಬೇಕು. ನಯವಾದ ಗಾಜಿನ ಮೇಲೆ ಪಾತ್ರೆ ನಿಲ್ಲುವುದುಂಟೆ? ಮೊದಲ ಸಲ ತೊಳಸಿದಾಗ ಪಾತ್ರೆ ಕೋಲಿನ ಜೊತೆಗೇ ಗರಗರ ತಿರುಗಿತು. ಎರಡನೆಯ ಸಲ ಗಟ್ಟಿಯಾಗಿ ಒತ್ತಿದರೆ ಜಾರಿ ಗೋಡೆಗೆ ಬಡಿದು ಕಟ್ಟೆಯೆಲ್ಲ ಅಂಬಲಿ. ಇನ್ನಷ್ಟು ಒತ್ತಿದರೆ ಗಾಜು ಒಡೆದೀತು ಎಂಬ ಭಯ ಬೇರೆ.

ಸುಂಕಪ್ಪ ಕುಳಿತು ಯೋಚಿಸಿದರು. ಒಲೆಯ ಕೆಲಸ ಕಾಯಿಸುವುದು. ತೊಳಸುವುದನ್ನೂ ಅದರ ಮೇಲೆಯೇ ಮಾಡಬೇಕೆಂದು ಯಾರು ಹೇಳಿದರು? ಹಳೆಯ ಜೀನ್ಸ್ ಚೂರುಗಳನ್ನು ಸುತ್ತಿ ಹೊಲಿಯಿಸಿ, ಕೊಡದ ಕೆಳಗಿಡುವಂಥ ದಪ್ಪನೆಯ ಸಿಂಬೆ ಮಾಡಿಸಿಕೊಂಡರು. ಹಿಟ್ಟು ಬೆಂದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ನೆಲದ ಸಿಂಬೆಯಲ್ಲಿ ಕೂರಿಸಿ, ಬಟ್ಟೆ ಸುತ್ತಿದ ಹಿಡಿಯನ್ನು ಎಡಗೈಯಲ್ಲಿ ಬಿಗಿಹಿಡಿದು ತೊಳಸುವುದು. ಮತ್ತೆ ಒಲೆಗಿಟ್ಟು ಉಗಿ ಬರಿಸುವುದು. ಮೊದಮೊದಲು ಗಂಟು ಗಂಟು. ಅವನ್ನು ಅವರೇ ಮಧ್ಯಾಹ್ನ ಮಜ್ಜಿಗೆಯಲ್ಲಿ ಕಲಸಿ ಕುಡಿದು ಸುಳಿವು ಅಳಿಸುತ್ತಿದ್ದರು. ಹೆಂಡತಿಗೆ ತಿಳಿಯಬಾರದಿತ್ತು. ಆದರೆ ಹಿಟ್ಟಿನ ಡಬ್ಬಿ ಬೇಗ ಬೇಗ ಖಾಲಿಯಾಗುವುದನ್ನು ಉಚ್ಚಂಗಮ್ಮ ನೋಡಿದ್ದರು, ಕೇಳಿರಲಿಲ್ಲ.

ಸೆಕೆ ಹೆಚ್ಚಿದ್ದ ಒಂದು ಸಂಜೆ ಉಚ್ಚಂಗಮ್ಮ ಮನೆ ಸೇರುವಷ್ಟರಲ್ಲಿ ಮೋಡ ಕವಿದು, ಗಾಳಿ ಎದ್ದು ಕತ್ತಲಾಗಿತ್ತು. ಒಳಗೆ ಸುಂಕಪ್ಪ ನೆಲದ ಮೇಲೆ ಕುಳಿತು ಸಿಂಬೆಯಲ್ಲಿನ ಪಾತ್ರೆ ತೊಳಸುತ್ತಿದ್ದರು. ಆಕೆ ಬಾಗಿಲಲ್ಲೇ ನಿಂತರು. ಅದೇ ಹೊತ್ತಿಗೆ ಬೀದಿಯಲ್ಲಿ ಯಾರೋ ತೆಲುಗಿನಲ್ಲಿ “ಕರೆಂಟು ಪೋಯಿಂದಿ!” ಎಂದು ಕೂಗಿದರು. ದೀಪ ಆರಿ ಉಚ್ಚಂಗಮ್ಮನಿಗೆ ತಮ್ಮ ಕೈಯೇ ತಮಗೆ ಕಾಣದಾಯಿತು. ಮೊಬೈಲ್ ಚೀಲದ ತಳದಲ್ಲೆಲ್ಲೋ ಇತ್ತು.

“ಫ್ಯಾನ್ ನಿಂತೈತಿ. ಕರೆಂಟ್ ಹೋತು ಅನಸ್ತೈತಿ,” ಎಂದರು ಸುಂಕಪ್ಪ, ಕೋಲು ನಿಲ್ಲಿಸದೆ. “ಪರವಾಗಿಲ್ಲ, ಉಗಿ ಬರಿಸೋದು ಒಂದ ಉಳಿದಿತ್ತು. ಮುಚ್ಚಿಟ್ರ ತನ್ನ ಕಾವಿನಾಗ ತಾನ ಆಗ್ತೈತಿ. ನೀನು ಅಲ್ಲೇ ನಿಲ್ಲು, ಎಡಗಡೆ ಕೊಡಪಾನ ಐತಿ, ಎಡವೀಯ.”

ಉಚ್ಚಂಗಮ್ಮ ಕತ್ತಲಲ್ಲಿ ನಿಂತು ಕೇಳಿಸಿಕೊಂಡರು. ತಟ್ಟೆ ತೆಗೆದ ಸದ್ದು. ನೀರಲ್ಲಿ ಕೈ ಅದ್ದಿದ ಸದ್ದು. ಅಂಗೈ ಮೇಲೆ ಮುದ್ದೆ ಉರುಳುವ ತಟತಟ. ಆಮೇಲೆ ಗಂಡನ ಕೈ ಬಂದು ತಮ್ಮ ಮುಂಗೈ ಹಿಡಿದು, ಕೊಡಪಾನ ತಪ್ಪಿಸಿ, ಗೋಡೆಯ ಪಕ್ಕ ಕೂರಿಸಿತು. ಬೆಳಿಗ್ಗೆ ತಾವೇ ಮಾಡಿಟ್ಟಿದ್ದ ಹುರುಳಿ ಸಾರು ತಟ್ಟೆಗೆ ಬಿತ್ತು. ಉಚ್ಚಂಗಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು.

“ಗಂಟಿಲ್ಲ,” ಎಂದರು.

“ಇಲ್ಲಾ?”

“ಇಲ್ಲ. ಉಪ್ಪು ಹಾಕೋದು ಮರ್ತೀರಿ.”

ಸುಂಕಪ್ಪ ಗಟ್ಟಿಯಾಗಿ ನಕ್ಕರು. ಉಚ್ಚಂಗಮ್ಮನಿಗೂ ನಗು ಬಂತು; ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಳೆ ನಾಲ್ಕು ಹನಿ ಬಿದ್ದು ಹೋಯಿತು. ಕರೆಂಟ್ ಬರುವ ಹೊತ್ತಿಗೆ ಇಬ್ಬರೂ ಉಂಡು ಮುಗಿಸಿದ್ದರು.

ಈಗಲೂ ರೊಟ್ಟಿ ಉಚ್ಚಂಗಮ್ಮನದೇ, ಗ್ಯಾಸಿನ ಮೇಲೆಯೇ. ಗಾಜಿನ ಒಲೆಯಲ್ಲಿ ಹಂಚಿನ ನಡುವೆ ಮಾತ್ರ ಕಾದು ಅಂಚು ಹಸಿ ಉಳಿಯುತ್ತದೆ ಎಂದು ಇಬ್ಬರೂ ನೋಡಿ ಒಪ್ಪಿಕೊಂಡಿದ್ದಾರೆ. ಸಂಜೆಯ ಅಡುಗೆ ಸುಂಕಪ್ಪನವರದು. ಯೂನಿಟ್‌ನಿಂದ ಬಂದು ಕಾಲು ಚಾಚಿ ಕೂರುವ ಅರ್ಧ ಗಂಟೆ ಉಚ್ಚಂಗಮ್ಮನಿಗೆ ಹೊಸದು. ಅದನ್ನು ಏನು ಮಾಡುವುದೆಂದು ಆಕೆಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಒಮ್ಮೊಮ್ಮೆ ಸರ್ವಮಂಗಳಮ್ಮನ ಕಟ್ಟೆಗೆ ಹೋಗಿ ಕೂರುತ್ತಾರೆ. ಸುಂಕಪ್ಪ ಈಚೆಗೆ ಹೊಸದೊಂದನ್ನು ಹಿಡಿದಿದ್ದಾರೆ: ಅದೇ ನೀರು, ಅದೇ ಪಾತ್ರೆ, ಮುಚ್ಚಳ ಹಾಕಿದರೆ ಬೇಗ ಕುದಿಯುತ್ತದೆ, ಎಷ್ಟು ಬೇಗ ಎಂದು ಕಿವಿಯಲ್ಲೇ ಅಳೆಯುವುದು ಹೇಗೆ ಎಂಬುದು. ಅದಕ್ಕಾಗಿ ದಿನಕ್ಕೊಂದು ಪಾತ್ರೆ ಬಿಸಿನೀರು ಹೆಚ್ಚಾಗಿಯೇ ಮಿಗುತ್ತದೆ. ಆ ನೀರಿನಲ್ಲಿ ಉಚ್ಚಂಗಮ್ಮ ಕಾಲು ಇಳಿಬಿಟ್ಟು ಕೂರುತ್ತಾರೆ.